ಮಾಲಿಬ್ಡಿನಂ ಎಂಬ ಲೋಹವೂ ನಮ್ಮ ಹಾಸನ ಜಿಲ್ಲೆಯೂ

(ಅಂತಿಮ ಬಿ.ಎ. ವಿದ್ಯಾರ್ಥಿ)

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಂಡಲಿಯ ಗುರುಗಳು ಅಪ್ಪಣೆ ಮಾಡಿದರು. ನಾನು ಆರಿಸಿಕೊಂಡ ವಿಷಯವನ್ನು ಕೇಳಿ ಸಹಪಾಠಿಗಳು ನಕ್ಕರು. ಅರ್ಥಶಾಸ್ತ್ರ, ಇತಿಹಾಸಗಳನ್ನು ಓದುವವನಿಗೆ ಲೋಹದ ಗೊಡವೆ ಏಕೆ, ಅದೇನಿದ್ದರೂ ವಿಜ್ಞಾನ ಕಾಲೇಜಿನವರ ಸೊತ್ತಲ್ಲವೆ ಎಂಬುದು ಅವರ ವಾದ. ನಗುವವರು ನಗಲಿ. ಈ ಲೋಹದ ಹೆಸರನ್ನು ನಾನು ಮೊದಲು ಕೇಳಿದ್ದು ಯಾವ ತರಗತಿಯಲ್ಲಿಯೂ ಅಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಹೊಲದ ಬದುವಿನ ಮೇಲೆ.

ಶಿವರಾತ್ರಿ ಕಳೆದ ಮೇಲೆ ತೆಂಗಿನ ಮರಗಳು ಸುಳಿ ಒಣಗಿಸತೊಡಗಿದುವು. ಹಳೆಯ ಕೊಳವೆಬಾವಿ ಬತ್ತಿತ್ತು. ತಂದೆಯವರು ಸಾಲ ಮಾಡಿ ಇನ್ನೊಂದು ಬಾವಿ ಕೊರೆಸಲು ನಿಶ್ಚಯಿಸಿದರು. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಲಾರಿ ಬಂದಿತು. ರಾತ್ರಿಯೆಲ್ಲ ಕಿವಿ ಗುಂಯ್‍ಗುಟ್ಟುವ ಸದ್ದು, ಬಿಳಿಯ ಧೂಳು. ನಾನೂರು ಅಡಿ ದಾಟಿದರೂ ಧೂಳೇ. ಆಗ ಯಂತ್ರವನ್ನು ನಿಲ್ಲಿಸಿ ಸವೆದ ಬಿಟ್ಟನ್ನು ಬದಲಾಯಿಸುತ್ತ, ಕೊರೆಯುವ ಮೇಸ್ತ್ರಿ ಅದನ್ನು ನನ್ನ ಕೈಗಿತ್ತನು. ಎತ್ತಲು ಎರಡು ಕೈಯೂ ಬೇಕಾಯಿತು. "ಇದು ಬರೀ ಕಬ್ಬಿಣ ಅಲ್ಲ ತಂಬಿ. ಇದರಲ್ಲಿ ನಿಕಲ್ ಇದೆ, ಕ್ರೋಮ್ ಇದೆ, ಮಾಲಿ ಇದೆ. ಮಾಲಿ ಇಲ್ಲಾಂದ್ರೆ ನಿಮ್ಮೂರ ಕಲ್ಲಿಗೆ ಪಟ್ ಅಂತ ಒಡೆದುಹೋಗ್ತದೆ" ಎಂದನು. ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ನಮ್ಮ ಅಜ್ಜಿ, "ಮಾಲಿ ಅಂದ್ರೆ ಯಾರಪ್ಪಾ, ತೋಟ ಕಾಯೋನಾ?" ಎಂದು ಕೇಳಿದರು. ಆ ಸಂಕಟದಲ್ಲಿಯೂ ಎಲ್ಲರೂ ನಕ್ಕೆವು. ಮೇಸ್ತ್ರಿ ಹೇಳಿದ ಮಾಲಿಯೇ ಮಾಲಿಬ್ಡಿನಂ. ಕಾರ್ಖಾನೆಯವರೂ ಅಂಗಡಿಯವರೂ ಅದನ್ನು ಹಾಗೆ ಮೊಟಕಾಗಿ ಕರೆಯುವುದುಂಟು.

ಈ ಲೋಹದ ಹೆಸರೇ ಒಂದು ತಪ್ಪು ತಿಳುವಳಿಕೆಯಿಂದ ಹುಟ್ಟಿದುದು. ಗ್ರೀಕ್ ಭಾಷೆಯಲ್ಲಿ 'ಮಾಲಿಬ್ಡಸ್' ಎಂದರೆ ಸೀಸ. ಮಾಲಿಬ್ಡಿನೈಟ್ ಎಂಬ ಅದಿರು ಕಪ್ಪಾಗಿ, ಮೆತ್ತಗೆ, ಕೈಗೆ ಜಿಡ್ಡುಜಿಡ್ಡಾಗಿ ಇರುವುದರಿಂದ ಹಿಂದಿನವರು ಅದನ್ನು ಸೀಸದ ಅದಿರೆಂದೋ ಪೆನ್ಸಿಲ್ಲಿನ ಗ್ರಾಫೈಟೆಂದೋ ಎಣಿಸಿದ್ದರು. ೧೭೭೮ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನಶಾಸ್ತ್ರಜ್ಞನು ಇದು ಎರಡೂ ಅಲ್ಲವೆಂದು ತೋರಿಸಿದನು. ಅವನ ಮಿತ್ರ ಯೆಲ್ಮ್ ಎಂಬುವನು ೧೭೮೧ರಲ್ಲಿ ಲೋಹವನ್ನು ಬೇರ್ಪಡಿಸಿದನು. ಧಾತುಗಳ ಕೋಷ್ಟಕದಲ್ಲಿ ಇದರ ಸಂಖ್ಯೆ ೪೨. ಒಂದೇ ಕಂಬಸಾಲಿನಲ್ಲಿ ಇದರ ಮೇಲೆ ಕ್ರೋಮಿಯಂ, ಕೆಳಗೆ ಟಂಗ್‍ಸ್ಟನ್, ಮೂವರು ಒಡಹುಟ್ಟಿದವರೆನ್ನಬಹುದು. ಮೂವರೂ ಗಟ್ಟಿಗರು. ಕಬ್ಬಿಣವು ೧೫೩೮ ಡಿಗ್ರಿಯಲ್ಲಿ ಕರಗಿದರೆ ಮಾಲಿಬ್ಡಿನಂ ಕರಗಲು ಸುಮಾರು ೨೬೨೦ ಡಿಗ್ರಿ ಶಾಖ ಬೇಕು.

ಇದನ್ನು ಪಡೆಯುವ ರೀತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನನ್ನ ವಾದಕ್ಕೆ ಅದೇ ಬುನಾದಿ. ಗಣಿಯಿಂದ ತೆಗೆದ ಕಲ್ಲಿನಲ್ಲಿ ಈ ಲೋಹವಿರುವುದು ಅತ್ಯಲ್ಪ. ಒಳ್ಳೆಯ ಗಣಿಯೆನಿಸಿಕೊಂಡುದರಲ್ಲಿಯೂ ಒಂದು ಟನ್ನು ಕಲ್ಲಿಗೆ ಒಂದೆರಡು ಕಿಲೋ ಮಾತ್ರ. ಹೆಚ್ಚು ಪಾಲು ಮಾಲಿಬ್ಡಿನಂ ದೊರೆಯುವುದು ತಾಮ್ರದ ಗಣಿಗಳಲ್ಲಿ ಉಪ ಉತ್ಪನ್ನವಾಗಿ. ಅಲ್ಲಿ ಇದರ ಪ್ರಮಾಣ ಇನ್ನೂ ಕಡಮೆ. ಕಲ್ಲನ್ನು ಹಿಟ್ಟಿನಂತೆ ಅರೆದು ನೀರಿನಲ್ಲಿ ಕದಡಿ, ಸ್ವಲ್ಪ ಎಣ್ಣೆ ಬೆರೆಸಿ, ಕೆಳಗಿನಿಂದ ಗಾಳಿಯೂದುತ್ತಾರೆ. ಮಾಲಿಬ್ಡಿನೈಟಿಗೆ ನೀರೆಂದರೆ ಆಗದು. ಅದು ನೊರೆಯ ಗುಳ್ಳೆಗಳಿಗೆ ಅಂಟಿಕೊಂಡು ಮೇಲೇಳುತ್ತದೆ, ನಿರುಪಯೋಗಿಯಾದ ಕಲ್ಲುಹಿಟ್ಟು ತಳ ಸೇರುತ್ತದೆ. ಮೊಸರು ಕಡೆದು ಬೆಣ್ಣೆ ತೆಗೆಯುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೀಗೆ ಸಾರವತ್ತಾದ ಪುಡಿಯನ್ನು ಅಂತಸ್ತುಗಳುಳ್ಳ ಕುಲುಮೆಯಲ್ಲಿ ಐನೂರರಿಂದ ಆರುನೂರೈವತ್ತು ಡಿಗ್ರಿಯವರೆಗೆ ಹುರಿಯುತ್ತಾರೆ. ಅದರಲ್ಲಿನ ಗಂಧಕವು ಹೊಗೆಯಾಗಿ ಹೋಗುತ್ತದೆ. ಆ ಹೊಗೆಯನ್ನು ಹಾಗೆಯೇ ಬಿಟ್ಟರೆ ಸುತ್ತಲಿನ ಪೈರಿಗೆ ಮುಪ್ಪು, ಹಿಡಿದರೆ ಗಂಧಕಾಮ್ಲ. ಉಳಿಯುವುದು ಆಕ್ಸೈಡು. ಉಕ್ಕಿನ ಕಾರ್ಖಾನೆಗಳು ಇದನ್ನೇ ಕುಲುಮೆಗೆ ಹಾಕುವುದುಂಟು. ಇಲ್ಲವೆ ಅಲ್ಯೂಮಿನಿಯಂ, ಸಿಲಿಕಾನುಗಳ ಪುಡಿಯೊಡನೆ ಕಬ್ಬಿಣವನ್ನೂ ಸೇರಿಸಿ ಉರಿಸಿ ಫೆರ್ರೋಮಾಲಿಬ್ಡಿನಂ ಎಂಬ ಮಿಶ್ರಲೋಹವನ್ನು ಮಾಡುತ್ತಾರೆ; ಅದರಲ್ಲಿ ನೂರಕ್ಕೆ ಅರವತ್ತರಿಂದ ಎಪ್ಪತ್ತೈದು ಭಾಗ ಮಾಲಿಬ್ಡಿನಂ ಇರುತ್ತದೆ. ಶುದ್ಧ ಲೋಹವೇ ಬೇಕಾದರೆ ಜಲಜನಕದಲ್ಲಿ ಕಾಯಿಸಿ ಪುಡಿಯಾಗಿ ಪಡೆದು, ಅಚ್ಚಿನಲ್ಲಿ ಒತ್ತಿ, ಕರಗಿಸದೆಯೆ ಕಾಯಿಸಿ ಬೆಸೆಯುತ್ತಾರೆ.

ಜಗತ್ತಿನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಟನ್ನಿಗೂ ಮಿಕ್ಕು ಮಾಲಿಬ್ಡಿನಂ ಉತ್ಪತ್ತಿಯಾಗುತ್ತದೆ. ಚೀನಾ ದೇಶಕ್ಕೆ ಮೊದಲ ಸ್ಥಾನ. ಚಿಲಿ, ಪೆರು, ಅಮೆರಿಕ ಅನಂತರ. ನಮ್ಮ ದೇಶದ ಹೆಸರು ಈ ಪಟ್ಟಿಯಲ್ಲಿಲ್ಲ. ಜಾರ್ಖಂಡದ ಜಾದೂಗೋಡದಲ್ಲಿ ಯುರೇನಿಯಂ ಅದಿರಿನೊಡನೆ ಹಿಂದೆ ಆಗೊಮ್ಮೆ ಈಗೊಮ್ಮೆ ಇದನ್ನು ತೆಗೆದದ್ದುಂಟು. ತಮಿಳುನಾಡಿನ ಹರೂರು, ಉತ್ತಂಗರೈಗಳ ಸುತ್ತ ಇದರ ಅದಿರಿದೆಯೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಆದರೆ ನಮ್ಮ ಉಕ್ಕಿನ ಕಾರ್ಖಾನೆಗಳಿಗೆ ಬೇಕಾದುದು ಪರದೇಶದಿಂದಲೇ ಬರುತ್ತಿದೆ.

ಇಷ್ಟು ಕಷ್ಟಪಟ್ಟು ತೆಗೆದ ಲೋಹದ ಬಹುಪಾಲು, ಅಂದರೆ ಐದರಲ್ಲಿ ನಾಲ್ಕು ಪಾಲು, ಉಕ್ಕು ಮತ್ತು ಎರಕದ ಕಬ್ಬಿಣಗಳಲ್ಲಿ ಕರಗಿ ಮರೆಯಾಗುತ್ತದೆ. ಉಪ್ಪಿನಂತೆ ಸ್ವಲ್ಪವೇ ಸಾಕು. ಕಾಯಿಸಿ ಅದ್ದಿದಾಗ ಉಕ್ಕು ಮೇಲ್ಮೈಯಲ್ಲಿ ಮಾತ್ರವಲ್ಲದೆ ಒಳಗಿನವರೆಗೂ ಗಡುಸಾಗುವಂತೆ, ಗಡುಸಾದರೂ ಗಾಜಿನಂತೆ ಸಿಡಿಯದಂತೆ, ಕೆಂಪಗೆ ಕಾದಾಗಲೂ ಬಲಗುಂದದಂತೆ ಅದು ನೋಡಿಕೊಳ್ಳುತ್ತದೆ. ಮೇಸ್ತ್ರಿಯ ಬಿಟ್ಟಿನ ತುದಿಯಲ್ಲಿ ಕಲ್ಲನ್ನು ಪುಡಿ ಮಾಡುವ ಗುಬುಟುಗಳು ಟಂಗ್‍ಸ್ಟನ್ ಕಾರ್ಬೈಡಿನವು. ಅವುಗಳನ್ನು ಹಿಡಿದು ಪೆಟ್ಟು ತಿನ್ನುವ ಮೈ ಮಾತ್ರ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು. ಕ್ರೋಮಿಯಮ್ಮಿನ ಅಣ್ಣನೂ ಟಂಗ್‍ಸ್ಟನ್ನಿನ ತಮ್ಮನೂ ಆ ರಾತ್ರಿ ನಮ್ಮ ಹೊಲದಲ್ಲಿ ಒಟ್ಟಿಗೆ ದುಡಿಯುತ್ತಿದ್ದರೆಂದಾಯಿತು.

ಇನ್ನುಳಿದ ಉಪಯೋಗಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಸಂಸ್ಕರಣಾಗಾರದಿಂದ ಬೆಂಗಳೂರಿಗೆ ಸುಮಾರು ೩೬೦ ಕಿಲೋಮೀಟರು ಉದ್ದದ ಎಣ್ಣೆ ಕೊಳವೆ ಹಾಸನದ ಮೂಲಕವೇ ಹಾದುಹೋಗುತ್ತದೆ. ಪೆಟ್ರೋಲು, ಡೀಸೆಲುಗಳಲ್ಲಿ ಗಂಧಕವು ಹತ್ತು ಲಕ್ಷಕ್ಕೆ ಹತ್ತು ಭಾಗವನ್ನು ಮೀರಕೂಡದೆಂಬ ನಿಯಮ ೨೦೨೦ರ ಏಪ್ರಿಲ್ ೧ರಿಂದ ದೇಶಕ್ಕೆಲ್ಲ ಜಾರಿಯಲ್ಲಿದೆ. ಅದಕ್ಕೆ ಹಿಂದೆ ಐವತ್ತು ಭಾಗದವರೆಗೆ ಅವಕಾಶವಿತ್ತು. ಆ ಗಂಧಕವನ್ನು ತೆಗೆಯುವ ಕ್ರಿಯೆಗೆ ಪ್ರೇರಕವಾಗಿ ಸಂಸ್ಕರಣಾಗಾರಗಳು ಬಳಸುವುದು ಕೋಬಾಲ್ಟು ಅಥವಾ ನಿಕಲ್ಲಿನೊಡನೆ ಬೆರೆತ ಮಾಲಿಬ್ಡಿನಮ್ಮನ್ನೇ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರವನ್ನು ನಾವೆಲ್ಲ ಹೊರಗಿನಿಂದಲಾದರೂ ನೋಡಿದ್ದೇವೆ. ಆಕಾಶದ ಶೂನ್ಯದಲ್ಲಿ ತಿರುಗುವ ಕೀಲುಗಳಿಗೆ ಎಣ್ಣೆ ಹಾಕಿದರೆ ಆರಿಹೋಗುತ್ತದೆ. ಅಂತಹ ಕಡೆ ಕೀಲೆಣ್ಣೆಯ ಕೆಲಸವನ್ನು ಮಾಡಲು ಉಪಗ್ರಹಗಳಲ್ಲಿ ಉಪಯೋಗಿಸುವ ಒಣ ಪುಡಿಗಳಲ್ಲಿ ಮಾಲಿಬ್ಡಿನಂ ಸಲ್ಫೈಡು ಮುಖ್ಯವಾದುದು. ವೀಳ್ಯದೆಲೆಯ ಕಟ್ಟಿನಲ್ಲಿ ಎಲೆಯ ಮೇಲೆ ಎಲೆ ಜಾರುವಂತೆ ಅದರ ಪದರಗಳು ಒಂದರ ಮೇಲೊಂದು ಜಾರುತ್ತವೆ.

ನನಗೆ ಇವೆಲ್ಲಕ್ಕಿಂತ ಆಶ್ಚರ್ಯವಾದದ್ದು ಅವರೆಗಿಡದ ಸಂಗತಿ. ರಾಗಿಯ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು ಹಾಕುವುದು ನಮ್ಮ ಹಿರಿಯರ ಪದ್ಧತಿ. ಅವರೆ, ಅಲಸಂದೆ, ಹುರುಳಿಗಳ ಬೇರನ್ನು ಕಿತ್ತು ನೋಡಿದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರವಾಗಿ ಕೊಡುತ್ತವೆಂಬುದನ್ನು ಮಾಧ್ಯಮಿಕ ಶಾಲೆಯಲ್ಲಿಯೇ ಓದಿದ್ದೇವೆ. ಆ ಕೆಲಸ ಮಾಡುವ ಕಿಣ್ವದ ನಡುವೆ ಮಾಲಿಬ್ಡಿನಮ್ಮಿನ ಅಣುವೊಂದು ಕುಳಿತಿದೆಯೆಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಮಣ್ಣು ಹುಳಿಯಾದಷ್ಟೂ ಈ ಧಾತು ಮಣ್ಣಿಗೆ ಕಚ್ಚಿಕೊಂಡು ಗಿಡಕ್ಕೆ ದಕ್ಕುವುದಿಲ್ಲ. ಮಲೆನಾಡಿನ ಸೆರಗಿನಲ್ಲಿರುವ ಅರಕಲಗೂಡಿನ ಕಡೆ ಮಳೆಗೆ ತೊಳೆದುಹೋದ ಕೆಂಪು ಹೊಲಗಳಲ್ಲಿ ಸುಣ್ಣ ಹಾಕಿರೆಂದು ಕೃಷಿ ಇಲಾಖೆಯವರು ಹೇಳುವುದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಎಕರೆಗೆ ಕೆಲವೇ ಗ್ರಾಮುಗಳು ಸಾಕಾಗುವ ಧಾತುವಿದು. ಹೆಚ್ಚಾದರೆ ಮೇವು ತಿಂದ ದನಗಳಿಗೆ ತಾಮ್ರದ ಕೊರತೆಯುಂಟಾಗಿ ರೋಗ ಬರುತ್ತದೆ. ಆದ್ದರಿಂದ ಈ ಲೇಖನವನ್ನು ಓದಿ ಯಾರೂ ಅಂಗಡಿಗೆ ಓಡಬಾರದಾಗಿ ಪ್ರಾರ್ಥನೆ. ಮಣ್ಣು ಪರೀಕ್ಷೆ ಮೊದಲು.

ಇಲ್ಲಿಯವರೆಗೆ ಹೇಳಿದ್ದು ಪುಸ್ತಕದಲ್ಲಿ ದೊರೆಯುವ ವಿಷಯ. ನನ್ನ ಅಭಿಪ್ರಾಯ ಬೇರೆಯೇ ಇದೆ.

ನಮ್ಮ ಜಿಲ್ಲೆಯಲ್ಲಿ ಮಾಲಿಬ್ಡಿನಂ ಗಣಿಯಿಲ್ಲ. ಆದರೆ ಅದರ ಒಡಹುಟ್ಟಿದ ಕ್ರೋಮಿಯಮ್ಮಿನ ಅದಿರು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಭೂವಿಜ್ಞಾನಿಗಳು ನುಗ್ಗೇಹಳ್ಳಿ ಶಿಲಾಪಟ್ಟಿಯೆಂದು ಕರೆಯುವ ಕಿರಿದಾದ ಪಟ್ಟೆಯೊಂದರಲ್ಲಿ ಬೈರಾಪುರ, ಭಕ್ತರಹಳ್ಳಿ, ಜಂಬೂರು, ತಗಡೂರುಗಳ ಸುತ್ತ ಕ್ರೋಮೈಟು ಸಿಕ್ಕುತ್ತಿತ್ತು. ಬೈರಾಪುರದಲ್ಲಿ ನೆಲದೊಳಗೆ ಇಳಿದು ಗಣಿ ನಡೆಸಿದರು. ನುಗ್ಗೇಹಳ್ಳಿಗೆ ಬರುವ ಪ್ರವಾಸಿಗರು ೧೨೪೬ರ ಲಕ್ಷ್ಮೀನರಸಿಂಹ ದೇವಾಲಯದ ಶಿಲ್ಪಗಳನ್ನು ತಲೆಯೆತ್ತಿ ನೋಡುತ್ತಾರೆ. ಕಾಲಕೆಳಗಿನ ಕರಿಗಲ್ಲನ್ನು ನೋಡುವವರಿಲ್ಲ. ಹೊಯ್ಸಳರ ಶಿಲ್ಪಿಗಳಾದರೋ ಕಲ್ಲನ್ನು ಬಲ್ಲವರು. ಉಳಿಗೆ ಒಗ್ಗುವ ಬಳಪದ ಕಲ್ಲನ್ನು ಆರಿಸಿಕೊಂಡುದರಿಂದಲ್ಲವೆ ಆ ಸೂಕ್ಷ್ಮ ಕೆಲಸ ಸಾಧ್ಯವಾದದ್ದು! ಹೊಳೆನರಸೀಪುರದ ಶಿಲಾಪಟ್ಟಿಯೂ ಗೊರೂರಿನ ಬಳಿಯ ಶಿಲೆಯೂ ಮುನ್ನೂರು ಕೋಟಿ ವರ್ಷಗಳಿಗೂ ಹಳೆಯವು. ಗೊರೂರೆಂದರೆ ನಮಗೆ ರಾಮಸ್ವಾಮಿ ಅಯ್ಯಂಗಾರ್ಯರ ಊರು, ಹೇಮಾವತಿಯ ಅಣೆಕಟ್ಟಿನ ಊರು. ಪರದೇಶದ ಭೂವಿಜ್ಞಾನಿಗೆ ಅದು ಭೂಮಿಯ ಬಾಲ್ಯದ ಕಲ್ಲು ಸಿಕ್ಕುವ ಊರು.

ಆ ಕ್ರೋಮೈಟು ಏನಾಯಿತು? ಅದಿರಾಗಿ ಹುಟ್ಟಿತು, ಅದಿರಾಗಿಯೇ ಲಾರಿಯೇರಿ ಹೊರಟುಹೋಯಿತು. ಅದನ್ನು ಕರಗಿಸಿ ಫೆರ್ರೋಕ್ರೋಮ್ ಮಾಡುವ ಕುಲುಮೆ ನಮ್ಮ ತಾಲ್ಲೂಕಿನಲ್ಲಿ ನೆಲೆಯೂರಲಿಲ್ಲ. ಇದನ್ನು ಅನ್ಯಾಯವೆಂದು ಕೂಗಿಬಿಡುವುದು ಸುಲಭ. ನಾನೂ ಮೊದಲು ಹಾಗೆಯೇ ಬರೆದಿದ್ದೆ. ಅರ್ಥಶಾಸ್ತ್ರದ ಗುರುಗಳೊಬ್ಬರು ಓದಿ, "ಲೆಕ್ಕ ಹಾಕಿದ್ದೀಯೇನಯ್ಯಾ?" ಎಂದರು. ಲೆಕ್ಕ ಹಾಕಿದರೆ ಮಾತು ಅಷ್ಟು ನೇರವಾಗಿಲ್ಲ. ಒಂದು ಟನ್ನು ಫೆರ್ರೋಕ್ರೋಮಿಗೆ ಮೂರು ನಾಲ್ಕು ಸಾವಿರ ಯೂನಿಟ್ಟು ವಿದ್ಯುತ್ತು ಬೇಕು. ಒಡಿಶಾದ ಸುಕಿಂದ ಕಣಿವೆಯಲ್ಲಿ ದೇಶದ ಕ್ರೋಮೈಟಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ರಾಶಿಬಿದ್ದಿದೆ. ಅದರ ಮುಂದೆ ನಮ್ಮದು ಹಿಡಿಯಷ್ಟು. ಕುಲುಮೆ ಹಾಕಿದ್ದರೂ ಅದು ಹೊಟ್ಟೆತುಂಬ ಉಣ್ಣುವಷ್ಟು ಅದಿರು ಇಲ್ಲಿರಲಿಲ್ಲವೇನೋ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನಾಡುತ್ತೇನೆ.

ಈಗ ಬೈರಾಪುರದಲ್ಲಿ ಆ ಹಿಂದಿನ ಸದ್ದಿಲ್ಲ. ಮಣ್ಣುಗುಡ್ಡೆಗಳು ಉಳಿದಿವೆ. ನುಗ್ಗೇಹಳ್ಳಿ ಸುತ್ತಿನ ಗಣಿಪ್ರದೇಶದ ಮಣ್ಣನ್ನು ಪರೀಕ್ಷಿಸಿದ ಹೈದರಾಬಾದಿನ ವಿಜ್ಞಾನಿಗಳು ಅದರಲ್ಲಿ ಕ್ರೋಮಿಯಂ, ನಿಕಲ್, ಕೋಬಾಲ್ಟುಗಳು ಅಧಿಕವಾಗಿವೆಯೆಂದು ೨೦೧೩ರಲ್ಲಿ ಪ್ರಕಟಿಸಿದರು. ಈ ಬಗೆಯ ಕಲ್ಲಿನ ಮಣ್ಣಿನಲ್ಲಿ ಈ ಧಾತುಗಳು ಸ್ವಭಾವತಃ ಹೆಚ್ಚಾಗಿಯೇ ಇರುತ್ತವೆ. ಅಲ್ಲದೆ ಕ್ರೋಮಿಯಂ ಎಲ್ಲವೂ ವಿಷವಲ್ಲ. ಅದರ ಒಂದು ರೂಪ ಸಾಧು, ಇನ್ನೊಂದು ರೂಪ ಕ್ರೂರ. ಗಣಿಯ ಪಾಲೆಷ್ಟು, ಕಲ್ಲಿನ ಪಾಲೆಷ್ಟು, ಕುಡಿಯುವ ನೀರಿಗೆ ಇಳಿದದ್ದೆಷ್ಟು ಎಂದು ಊರವರು ಕೇಳಬೇಕಾದುದು ನ್ಯಾಯ. ಆದರೆ ಆ ಪ್ರಬಂಧವಿರುವುದು ಇಂಗ್ಲಿಷಿನಲ್ಲಿ, ಪರದೇಶದ ಪತ್ರಿಕೆಯಲ್ಲಿ. ಜಂಬೂರಿನ ರೈತನು ಅದನ್ನು ಓದುವುದೆಂದು? ೨೦೧೫ರ ಕಾಯಿದೆಯಂತೆ ಪ್ರತಿ ಜಿಲ್ಲೆಯಲ್ಲಿಯೂ ಗಣಿಬಾಧಿತ ಊರುಗಳಿಗಾಗಿ ಖನಿಜ ಪ್ರತಿಷ್ಠಾನದ ನಿಧಿಯೊಂದಿದೆ. ನಡೆಯುತ್ತಿರುವ ಗಣಿಗಳ ರಾಜಧನದ ಮೇಲೆ ಅದಕ್ಕೆ ಹಣ ಬರುವುದು. ನಿಂತ ಗಣಿಯಿಂದ ರಾಜಧನವೆಲ್ಲಿಯದು? ಗುಡ್ಡೆ ಉಳಿದ ಊರಿಗೆ ತನ್ನ ಗಣಿಯ ಲೆಕ್ಕದಲ್ಲಿ ಬರುವುದು ಸೊನ್ನೆ.

ಇದು ಹಳೆಯ ಕಥೆಯೆಂದು ತಳ್ಳಿಬಿಡುವಂತಿಲ್ಲ. ೨೦೨೩ರಲ್ಲಿ ಕೇಂದ್ರ ಸರ್ಕಾರವು ದೇಶಕ್ಕೆ ಅತ್ಯಾವಶ್ಯಕವಾದ ಮೂವತ್ತು ಖನಿಜಗಳ ಪಟ್ಟಿಯನ್ನು ಪ್ರಕಟಿಸಿತು. ಮಾಲಿಬ್ಡಿನಂ ಆ ಪಟ್ಟಿಯಲ್ಲಿದೆ. ವನೇಡಿಯಂ, ಟೈಟಾನಿಯಂಗಳೂ ಇವೆ. ನುಗ್ಗೇಹಳ್ಳಿ ಪಟ್ಟಿಯಲ್ಲಿಯೇ, ಕ್ರೋಮೈಟಿನ ನೆರೆಯಲ್ಲಿಯೇ, ವನೇಡಿಯಮ್ಮೂ ಟೈಟಾನಿಯಮ್ಮೂ ಕೂಡಿದ ಕಬ್ಬಿಣದ ಅದಿರು ಇರುವುದು ಭೂವಿಜ್ಞಾನಿಗಳಿಗೆ ಬಹುಕಾಲದಿಂದ ತಿಳಿದಿದೆ. ಇಂದಲ್ಲ ನಾಳೆ ಯಾರಾದರೂ ನಕ್ಷೆ ಹಿಡಿದು ನಮ್ಮ ಹೊಲಗಳಿಗೆ ಬಂದರೆ ಆಶ್ಚರ್ಯವಿಲ್ಲ.

ಬರಲಿ. ಗಣಿಯೆಂದೊಡನೆ ಬೇಡವೆನ್ನುವವರ ಪೈಕಿ ನಾನಲ್ಲ. ಮಾಲಿ ಬೆರೆತ ಬಿಟ್ಟು ಬೇಕು, ಕೊಳವೆಬಾವಿ ಬೇಕು, ಗಂಧಕವಿಲ್ಲದ ಡೀಸೆಲು ಬೇಕು, ಗಣಿ ಮಾತ್ರ ಚಿಲಿಯವರ ಊರಿನಲ್ಲಿರಲಿ ಎನ್ನುವುದು ಮರ್ಯಾದೆಯ ಮಾತಲ್ಲ. ನನ್ನ ಆಕ್ಷೇಪಣೆ ಬೇರೆ ಕಡೆಗಿದೆ. ಅಮೆರಿಕದ ಕೊಲರಾಡೋ ಸೀಮೆಯಲ್ಲಿ ಕ್ಲೈಮ್ಯಾಕ್ಸ್ ಎಂಬಲ್ಲಿ ಮಾಲಿಬ್ಡಿನಮ್ಮಿನ ದೊಡ್ಡ ಗಣಿಯಿದೆ. ಮೊದಲನೆಯ ಮಹಾಯುದ್ಧದ ಫಿರಂಗಿ, ಕವಚಗಳಿಗಾಗಿ ತೆರೆದ ಆ ಗಣಿಯನ್ನು ಯುದ್ಧ ನಿಂತೊಡನೆ ಕೊಳ್ಳುವವರಿಲ್ಲದೆ ೧೯೧೯ರಲ್ಲಿ ಮುಚ್ಚಬೇಕಾಯಿತು. ಗಣಿಯವರು ಸುಮ್ಮನೆ ಕೂಡಲಿಲ್ಲ. ಮೋಟಾರು ಗಾಡಿಯ ಉಕ್ಕಿಗೆ ಇದನ್ನು ಬೆರೆಸಬಹುದೆಂದು ಪ್ರಯೋಗ ಮಾಡಿಸಿ, ಕಾರ್ಖಾನೆಗಳಿಗೆ ತಿಳಿಸಿಕೊಟ್ಟು, ೧೯೨೪ರಲ್ಲಿ ಮತ್ತೆ ತೆರೆದರು. ಗುಡ್ಡದಲ್ಲಿದ್ದ ಕಲ್ಲು ಆ ಐದು ವರ್ಷಗಳಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಜನರ ತಿಳುವಳಿಕೆ. ನಮ್ಮಲ್ಲಿಯಾದರೋ ಮೈಸೂರು ಸಂಸ್ಥಾನವು ೧೮೯೪ರಷ್ಟು ಹಿಂದೆಯೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿ ರಾಬರ್ಟ್ ಬ್ರೂಸ್ ಫೂಟರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. ಅಲ್ಲಿಂದೀಚೆಗೆ ನಮ್ಮ ನೆಲವನ್ನು ಕುರಿತು ಬರೆದ ವರದಿಗಳು ಎಷ್ಟೋ. ಆ ನೆಲದ ಮೇಲೆ ವಾಸಿಸುವವರಿಗೆ ಅದರಲ್ಲಿ ತಲಪಿದ್ದು ಎಷ್ಟು?

ಹೊಸ ಗಣಿಗೆ ಮುಂಚೆ ಸಾರ್ವಜನಿಕ ವಿಚಾರಣೆ ನಡೆಯಬೇಕು, ಪರಿಸರ ವರದಿಯ ಸಾರಾಂಶ ದೇಶಭಾಷೆಯಲ್ಲಿಯೂ ಇರಬೇಕು ಎಂದು ೨೦೦೬ರ ಸರ್ಕಾರೀ ಅಧಿಸೂಚನೆ ವಿಧಿಸಿದೆ. ವಿಧಿಯೇನೋ ಸರಿ. ಶಾಮಿಯಾನದ ಕೆಳಗೆ ಆ ಸಾರಾಂಶವನ್ನು ಕೈಯಲ್ಲಿ ಹಿಡಿದು, ಹುರಿಯುವ ಕುಲುಮೆಯ ಗಂಧಕದ ಹೊಗೆ ಎಲ್ಲಿಗೆ ಹೋಗುತ್ತದೆ, ಅರೆದ ಕಲ್ಲಿನ ಕೆಸರನ್ನು ಯಾವ ಕೆರೆಯ ಮೇಲ್ಗಡೆ ನಿಲ್ಲಿಸುತ್ತೀರಿ, ಟನ್ನಿಗೆ ಎಷ್ಟು ನೀರು ಬೇಕು, ಗಣಿ ನಿಂತ ಮೇಲೆ ಗುಡ್ಡೆಗೆ ಯಾರು ಹೊಣೆ ಎಂದು ಕೇಳುವವರು ಯಾರು? ಎಂಜಿನಿಯರಾದವರು ಬೆಂಗಳೂರಿಗೆ ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ನಾವು, ಬಿ.ಎ. ಮಾಡಿದವರು, ಪಂಚಾಯಿತಿಯ ಸದಸ್ಯರಾಗುವವರು, ಶಾಲೆಯ ಮೇಷ್ಟರಾಗುವವರು, ಪತ್ರಿಕೆಗೆ ಸುದ್ದಿ ಕಳಿಸುವವರು ನಾವು. ಕಲ್ಲು, ಲೋಹ ನಮ್ಮ ವಿಷಯವಲ್ಲವೆಂದು ನಕ್ಕ ಮಿತ್ರರಿಗೆ ನನ್ನ ಉತ್ತರವಿಷ್ಟೆ. ಹೊಯ್ಸಳರ ರಾಜಕುಮಾರರ ಇಸವಿಗಳನ್ನು ಬಾಯಿಪಾಠ ಮಾಡುವ ನಾವು ಹೊಯ್ಸಳರು ಕಡೆದ ಕಲ್ಲು ಯಾವುದೆಂದು ಅರಿಯದಿರುವುದು ನನಗಂತೂ ನಾಚಿಕೆಯೆನಿಸುತ್ತದೆ.

ಒಂದು ಸಣ್ಣ ಕೋರಿಕೆ. ನಮ್ಮ ಗ್ರಂಥಾಲಯದ ಒಳಗೋಡೆಯ ಗಾಜಿನ ಬೀರುವಿನಲ್ಲಿ ಈಗ ಹಳೆಯ ಪಾರಿತೋಷಕಗಳಿವೆ. ಅದರ ಒಂದು ಅಂಕಣವನ್ನು ಬಿಡಿಸಿಕೊಟ್ಟರೆ ನಾಲ್ಕೂ ಕಡೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕಲ್ಲನ್ನೂ ಮಣ್ಣನ್ನೂ ತಂದಿಟ್ಟು ಕನ್ನಡದಲ್ಲಿ ಚೀಟಿ ಬರೆದು ಅಂಟಿಸಬಹುದು. ವಿಜ್ಞಾನ ಕಾಲೇಜಿನ ಗುರುಗಳು ತಿದ್ದಿಕೊಟ್ಟಾರು. ಖರ್ಚು ಅಂಟಿನದು ಮಾತ್ರ.

ಮೊದಲ ಎರಡು ವಸ್ತುಗಳನ್ನು ನಾನೇ ತಂದಿದ್ದೇನೆ. ಒಂದು, ಬೈರಾಪುರದ ದಾರಿಯಲ್ಲಿ ಸಿಕ್ಕಿದ, ಗಾತ್ರಕ್ಕೆ ಮೀರಿದ ತೂಕದ ಕರಿಗಲ್ಲು. ಇನ್ನೊಂದು, ಮೇಸ್ತ್ರಿ ಬಿಟ್ಟುಹೋದ ಸವೆದ ಬಿಟ್ಟು. ಬಾವಿ ಏನಾಯಿತೆಂದು ಕೇಳುವವರಿಗೆ ಹೇಳುತ್ತೇನೆ: ಬಿಟ್ಟು ಬದಲಾಯಿಸಿದ ಮೇಲೆ ಆರುನೂರ ಎಂಬತ್ತು ಅಡಿಯಲ್ಲಿ ಒಂದೂವರೆ ಇಂಚು ನೀರು ಬಂದಿತು. ತೆಂಗಿಗೆ ಸಾಲದು, ರಾಸುಗಳಿಗೆ ಸಾಕು. ಬಿಟ್ಟು ಸದ್ಯಕ್ಕೆ ನಮ್ಮ ವಿಭಾಗದ ಕೊಠಡಿಯಲ್ಲಿದೆ. ಫ್ಯಾನಿನ ಗಾಳಿಗೆ ಹಾಜರಿ ಪುಸ್ತಕ ಹಾರದಂತೆ ಜವಾನರು ಅದನ್ನು ಮೇಲಿಟ್ಟಿದ್ದಾರೆ.